ಆಪರೇಷನ್ ಬೆಂಗಳೂರಾಗ, ಬದುಕು ನಾಲವಾರದಾಗ: ಮೂತ್ರಕೋಶ ತೆಗೆದ ಮೇಲೆ ಚೀಲವೋ, ಕರುಳಿನ ಕೋಶವೋ?

ನಾಲವಾರ: "ಹೊಟ್ಟಿ ಮ್ಯಾಲ ಚೀಲ ಕಟ್ಕೊಂಡು ತನಾರತಿ ದಿನ ಮಂದ್ಯಾಗ ಹ್ಯಾಂಗ ನಿಂದರ್ಲಿ? ಅದಕ್ಕಿಂತ ಸತ್ತರ ಪಾಡು."

ನಮ್ಮ ಓಣಿಯ ಕಾಕಾ ಹೀಗಂದಿದ್ದು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ವರಾಂಡದಲ್ಲಿ. ಪಕ್ಕದಲ್ಲಿ ನಾನಿದ್ದೆ. ಡಿಗ್ರಿ ಅರ್ಧಕ್ಕೆ ಬಿಟ್ಟವನು ನಾನು. ಆದರೂ ಓಣ್ಯಾಗ ಇಂಗ್ಲಿಷ್ ರಿಪೋರ್ಟ್ ಓದಿ ಹೇಳಲು, ಆಯುಷ್ಮಾನ್ ಫಾರಂ ತುಂಬಲು ನನ್ನನ್ನೇ ಕರೀತಾರೆ. ಹಾಗಾಗಿ ವಾಡಿಯಲ್ಲಿ ರೈಲು ಹತ್ತಿ ಅವರ ಜೊತೆ ಹೋಗಿದ್ದೆ. ಕಾಕಾಗೆ ಮೂತ್ರಕೋಶದ ಕ್ಯಾನ್ಸರ್. ಕೋಶವನ್ನೇ ತೆಗೆಯಬೇಕು ಅಂತ ವೈದ್ಯರು ಹೇಳಿದ್ದರು. ತೆಗೆದ ಮೇಲೆ ಮೂತ್ರ ಎಲ್ಲಿಂದ ಹೋಗಬೇಕು ಅನ್ನೋದೇ ಪ್ರಶ್ನೆ.

ಈ ಬರಹ ಆ ಪ್ರಶ್ನೆಯ ಬಗ್ಗೆ. ಕಾಕಾ ಒಪ್ಪಿಗೆ ಕೊಟ್ಟಿದ್ದಾರೆ. "ಹೆಸರು ಹಾಕಬ್ಯಾಡ, ಉಳಿದದ್ದೆಲ್ಲ ಬರಿ" ಅಂದಿದ್ದಾರೆ.

ದೊಡ್ಡ ಆಸ್ಪತ್ರೆ ಬಂತು, ಸಣ್ಣ ಮಾತು ಉಳಿಯಿತು

ನಮ್ಮ ಜಿಲ್ಲೆಗೆ ಆಸ್ಪತ್ರೆ ಬರ್ತಿಲ್ಲ ಅಂತ ಈಗ ಯಾರೂ ಹೇಳುವ ಹಾಗಿಲ್ಲ. ಜಿಮ್ಸ್ ಇದೆ, ಇಎಸ್ಐಸಿ ವೈದ್ಯಕೀಯ ಕಾಲೇಜು ಇದೆ, ಕಿದ್ವಾಯಿ ಸಂಸ್ಥೆಯ ಕೇಂದ್ರ ಇದೆ. 2024ರ ಡಿಸೆಂಬರ್‌ನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆಯೂ ಕಲಬುರಗಿಯಲ್ಲಿ ಉದ್ಘಾಟನೆ ಆಯಿತು. 371 ಅನ್ನೋ ಸಂಖ್ಯೆ ನಮ್ಮ ಭಾಗಕ್ಕೆ ಸಿಕ್ಕ ಸಂವಿಧಾನದ 371(ಜೆ) ಕಲಮನ್ನು ನೆನಪಿಸುತ್ತದೆ. 2023ರಲ್ಲಿ ಬಂದ ಸರಕಾರದಲ್ಲಿ ವೈದ್ಯಕೀಯ ಶಿಕ್ಷಣ ಖಾತೆ ಸೇಡಂ ಶಾಸಕ ಡಾ. ಶರಣಪ್ರಕಾಶ ಪಾಟೀಲರಿಗೆ, ಜಿಲ್ಲಾ ಉಸ್ತುವಾರಿ ಚಿತ್ತಾಪುರ ಶಾಸಕ ಪ್ರಿಯಾಂಕ್ ಖರ್ಗೆಯವರಿಗೆ ಸಿಕ್ಕಿತು. ಅಂದರೆ ಎರಡು ಜವಾಬ್ದಾರಿಯೂ ನಮ್ಮ ಸುತ್ತಲಿನವರ ಕೈಗೇ ಬಂದವು.

ಆದರೆ ಕಟ್ಟಡ, ಹಾಸಿಗೆ, ಯಂತ್ರದ ಬಗ್ಗೆ ಆಗುವಷ್ಟು ಚರ್ಚೆ, ಆಪರೇಷನ್ ಮುಗಿಸಿಕೊಂಡು ಊರಿಗೆ ಬಂದವರ ಬಗ್ಗೆ ಆಗುವುದಿಲ್ಲ. ಹೃದಯದ ಮಾತು ಕಟ್ಟಿ ಮೇಲೆ ಕೂತು ಎಲ್ಲರೂ ಆಡ್ತಾರೆ. ಉಚ್ಚಿ ಮಾತು ಆಡಲಿಕ್ಕೆ ನಾಚಿಕೆ. ಆ ನಾಚಿಕೆಯಿಂದಲೇ ಕಾಕಾನ ಎಂಟು ತಿಂಗಳು ಕೈ ತಪ್ಪಿ ಹೋದವು.

ತೊಗರಿ ರಾಶಿಯಿಂದ ಶ್ರಾವಣದವರೆಗೆ

ತೊಗರಿ ರಾಶಿ ನಡೆದಿತ್ತು. ಕಾಕಾಗೆ ಒಂದಿನ ಮೂತ್ರ ಕೆಂಪಾಗಿ ಬಂತು. ನೋವಿಲ್ಲ, ಉರಿಯಿಲ್ಲ. "ಉಷ್ಣ ಆಗ್ಯದ" ಅಂತ ಮಜ್ಜಿಗಿ ಕುಡಿದರು, ಸಬ್ಜಾ ಬೀಜ ನೆನೆಸಿ ಕುಡಿದರು. ಎರಡು ದಿನಕ್ಕೆ ತಾನೇ ನಿಂತಿತು. ಯುಗಾದಿ ಹೊತ್ತಿಗೆ ಮತ್ತೆ ಬಂತು. ಒಬ್ಬ ಡಾಕ್ಟರು ಸೋಂಕು ಅಂತ ಗುಳಿಗಿ ಕೊಟ್ಟರು. ಮತ್ತೆ ನಿಂತಿತು. ಶ್ರಾವಣದಲ್ಲಿ ಹೆಪ್ಪುಗಟ್ಟಿದ ರಕ್ತ ಬಂದಾಗ ಸ್ಕ್ಯಾನ್ ಮಾಡಿಸಿದೆವು. ಮೂತ್ರಕೋಶದಲ್ಲಿ ಗಡ್ಡೆ ಇತ್ತು. ಎಡಗಡೆ ಕಿಡ್ನಿ ಬಾತಿತ್ತು.

ಮೂತ್ರಕೋಶದ ಕ್ಯಾನ್ಸರ್ ಹೀಗೇ ಶುರುವಾಗುತ್ತದೆ. ನೋವಿಲ್ಲದ ರಕ್ತ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ನಿಂತಾಗ ವಾಸಿಯಾಯಿತು ಅಂತ ನಾವು ತಿಳಿಯುತ್ತೇವೆ. ದೊಡ್ಡ ಕಾರಣ ಬೀಡಿ, ಸಿಗರೇಟು. ಈ ಕ್ಯಾನ್ಸರ್ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಧೂಮಪಾನವೇ ಕಾರಣ ಅಂತ ವೈದ್ಯಶಾಸ್ತ್ರ ಹೇಳುತ್ತದೆ. ಹೊಗೆಯಲ್ಲಿನ ವಿಷ ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಸೋಸಿ, ಮೂತ್ರದ ಜೊತೆ ಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಕಾಕಾ ನಲವತ್ತು ವರ್ಷ ಬೀಡಿ ಸೇದಿದವರು.

ಗಡ್ಡೆ ಕೋಶದ ಒಳಪದರದಲ್ಲೇ ಇದ್ದರೆ ದುರ್ಬೀನು ಹಾಕಿ ಕೆರೆದು ತೆಗೆದು, ಔಷಧಿ ಬಿಟ್ಟು ನೋಡಿಕೊಳ್ಳಬಹುದು. ಮಾಂಸಖಂಡಕ್ಕೆ ಇಳಿದರೆ ಸಾಮಾನ್ಯವಾಗಿ ಇಡೀ ಕೋಶ ತೆಗೆಯುತ್ತಾರೆ. ಕೆಲವರಿಗೆ ಕೋಶ ಉಳಿಸಿಕೊಂಡೇ ಕೀಮೋ ಮತ್ತು ವಿಕಿರಣ ಕೊಡುವ ದಾರಿಯೂ ಇದೆ. ಕಾಕಾನದು ಮಾಂಸಖಂಡಕ್ಕೆ ಇಳಿದಿತ್ತು.

ಮೂರು ದಾರಿ

ವೈದ್ಯರು ಒಂದು ಹಾಳೆ ಮೇಲೆ ಚಿತ್ರ ಬರೆದು ತೋರಿಸಿದರು. ನಾನು ಫೋಟೋ ತೆಗೆದುಕೊಂಡೆ. ಅದನ್ನೇ ಇಲ್ಲಿ ಮಾತಿನಲ್ಲಿ ಹೇಳ್ತೀನಿ.

ಒಂದನೇ ದಾರಿ, ಹೊರಚೀಲ. ಸಣ್ಣ ಕರುಳಿನ 15ರಿಂದ 20 ಸೆಂಟಿಮೀಟರ್ ತುಂಡು ಕತ್ತರಿಸಿ, ಕಿಡ್ನಿಯಿಂದ ಬರುವ ಎರಡು ನಳಿಕೆಗಳನ್ನು ಅದಕ್ಕೆ ಜೋಡಿಸ್ತಾರೆ. ತುಂಡಿನ ಇನ್ನೊಂದು ತುದಿಯನ್ನು ಹೊಟ್ಟೆಯ ಬಲಭಾಗದಲ್ಲಿ ಹೊರಗೆ ತರ್ತಾರೆ. ಆ ಬಾಯಿಗೆ ಸ್ಟೋಮಾ ಅಂತಾರೆ. ಮೂತ್ರ ಹಗಲೂ ರಾತ್ರಿ ಹನಿಯುತ್ತಲೇ ಇರುತ್ತದೆ. ಅದಕ್ಕೇ ಚರ್ಮಕ್ಕೆ ಅಂಟಿಸುವ ಚೀಲ ಬೇಕು. ಅಮೆರಿಕದ ಸೇಂಟ್ ಲೂಯಿಸ್‌ನ ಯೂಜಿನ್ ಬ್ರಿಕರ್ 1950ರಲ್ಲಿ ಇದನ್ನು ಪ್ರಕಟಿಸಿದರು. ಇವತ್ತಿಗೂ ಜಗತ್ತಿನಲ್ಲಿ ಹೆಚ್ಚು ಜನಕ್ಕೆ ಆಗುವುದು ಇದೇ.

ಎರಡನೇ ದಾರಿ, ಕರುಳಿನಿಂದಲೇ ಹೊಸ ಮೂತ್ರಕೋಶ. ಸುಮಾರು 55ರಿಂದ 70 ಸೆಂಟಿಮೀಟರ್ ಸಣ್ಣ ಕರುಳು ತೆಗೆದುಕೊಂಡು, ಅದರ ಬಹುಭಾಗವನ್ನು ಉದ್ದಕ್ಕೆ ಸೀಳಿ, ಮಡಚಿ, ಚೆಂಡಿನ ಆಕಾರಕ್ಕೆ ಹೊಲೀತಾರೆ. ಸೀಳುವುದೇಕೆ? ಕರುಳು ಕೊಳವೆಯಾಗಿದ್ದರೆ ಅನ್ನ ತಳ್ಳಿದ ಹಾಗೆ ಮೂತ್ರವನ್ನೂ ಅಲೆ ಅಲೆಯಾಗಿ ತಳ್ಳುತ್ತದೆ, ಹಿಡಿದಿಡುವುದಿಲ್ಲ. ಸೈಕಲ್ ಟ್ಯೂಬ್ ಉದ್ದಕ್ಕೆ ಸೀಳಿ, ಅದೇ ರಬ್ಬರಿನಿಂದ ಚೀಲ ಹೊಲಿದ ಹಾಗೆ ಇದು. ಒತ್ತಡ ಕಡಿಮೆಯಾಗ್ತದೆ, ಹಿಡಿಯುವುದು ಹೆಚ್ಚಾಗ್ತದೆ. ಹಿಗ್ಗಿದ ಮೇಲೆ 400–500 ಮಿಲಿಲೀಟರ್ ಹಿಡಿಯುತ್ತದೆ. ಇದನ್ನು ಹಳೆಯ ಮೂತ್ರದ್ವಾರಕ್ಕೇ ಜೋಡಿಸುವುದರಿಂದ ಮೊದಲಿನ ದಾರಿಯಲ್ಲೇ ಮೂತ್ರ ಹೋಗುತ್ತದೆ. ಸ್ವಿಟ್ಜರ್ಲೆಂಡ್‌ನ ಸ್ಟುಡರ್, ಜರ್ಮನಿಯ ಹೌಟ್‌ಮನ್ ಇಬ್ಬರೂ 1980ರ ದಶಕದಲ್ಲಿ ರೂಪಿಸಿದ ವಿಧಾನಗಳು ಇದರಲ್ಲಿ ಹೆಚ್ಚು ಬಳಕೆಯವು.

ಮೂರನೇ ದಾರಿ, ಒಳಚೀಲ. ಮೂತ್ರದ್ವಾರಕ್ಕೂ ಕ್ಯಾನ್ಸರ್ ತಗುಲಿದ್ದರೆ ಎರಡನೇ ದಾರಿ ಆಗುವುದಿಲ್ಲ. ಆಗ ಹೊಟ್ಟೆಯೊಳಗೇ ಕರುಳಿನ ಚೀಲ ಮಾಡಿ, ಹೊಕ್ಕಳಲ್ಲೋ ಅದರ ಪಕ್ಕದಲ್ಲೋ ಒಂದು ಸಣ್ಣ ತೂತು ಇಡ್ತಾರೆ. ತೂತಿನ ಹಿಂದೆ ಸೋರದ ಹಾಗೆ ಒಂದು ಕವಾಟ ಇರುತ್ತದೆ. 4ರಿಂದ 6 ಗಂಟೆಗೊಮ್ಮೆ ಕ್ಯಾಥೆಟರ್ ತೂರಿಸಿ ತಾವೇ ಖಾಲಿ ಮಾಡಿಕೊಳ್ಳಬೇಕು. ಸ್ವೀಡನ್ನಿನ ನಿಲ್ಸ್ ಕಾಕ್ ಸಣ್ಣ ಕರುಳನ್ನೇ ಒಳಕ್ಕೆ ಮಡಚಿ ಕವಾಟ ಮಾಡಿದರು. ಫ್ರಾನ್ಸಿನ ಪಾಲ್ ಮಿತ್ರೊಫನೊಫ್ 1980ರಲ್ಲಿ ಅಪೆಂಡಿಕ್ಸನ್ನೇ ಕೊಳವೆಯಾಗಿ ಬಳಸಿ ತೋರಿಸಿದರು. ಅಮೆರಿಕದ 'ಇಂಡಿಯಾನಾ ಪೌಚ್'ನಲ್ಲಿ ದೊಡ್ಡ ಕರುಳು ಚೀಲವಾಗುತ್ತದೆ, ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಕಡೆ ದೇವರೇ ಇಟ್ಟ ಕವಾಟ ಸೋರಿಕೆ ತಡೆಯುತ್ತದೆ.

ಎರಡನೆಯದು, ಮೂರನೆಯದು ಎರಡಕ್ಕೂ ಸೇರಿಸಿ ಡಾಕ್ಟರುಗಳು 'ಕಾಂಟಿನೆಂಟ್ ಡೈವರ್ಷನ್' ಅಂತಾರೆ. ಮೂತ್ರ ತಡೆದು ಹಿಡಿಯುವ ವ್ಯವಸ್ಥೆ ಅಂತ ಅರ್ಥ.

ಇವೆಲ್ಲಕ್ಕಿಂತ ಹಳೆಯದು ಮೂತ್ರದ ನಳಿಕೆಗಳನ್ನು ದೊಡ್ಡ ಕರುಳಿಗೇ ತಿರುಗಿಸಿ, ಮಲದ ದಾರಿಯಲ್ಲಿ ಮೂತ್ರ ಬಿಡುವುದು. ಲಂಡನ್ನಿನ ಜಾನ್ ಸೈಮನ್ 1852ರಲ್ಲೇ ಈ ಪ್ರಯತ್ನ ಮಾಡಿದ್ದರು. ಚೀಲ ಬೇಕಿಲ್ಲ ನಿಜ. ಆದರೆ ಕಿಡ್ನಿಗೆ ಸೋಂಕು ಏರುತ್ತದೆ, ವರ್ಷಗಳ ನಂತರ ಕರುಳಿನ ಕ್ಯಾನ್ಸರ್ ಅಪಾಯವೂ ಹೆಚ್ಚು. ಅದಕ್ಕೇ ಈಗ ಅಪರೂಪ.

ಕಾಕಾಗೆ ಯಾಕೆ ಆಯ್ಕೆ ಸಿಗಲಿಲ್ಲ

ಚಿತ್ರ ನೋಡಿದ ಕಾಕಾ ಎರಡನೆಯದರ ಮೇಲೆ ಬೆರಳಿಟ್ಟರು. "ಇದು ಮಾಡ್ರಿ ಸಾಹೇಬ್ರ." ವೈದ್ಯರು ರಕ್ತದ ರಿಪೋರ್ಟ್ ತೋರಿಸಿದರು. ಕ್ರಿಯಾಟಿನಿನ್ ಹೆಚ್ಚಿತ್ತು.

ಇಲ್ಲಿ ಒಂದು ವಿಷಯ ತಿಳಿಯಬೇಕು. ಕರುಳಿನ ಕೆಲಸವೇ ಹೀರುವುದು. ಮೂತ್ರ ಅದರಲ್ಲಿ ಗಂಟೆಗಟ್ಟಲೆ ನಿಂತರೆ, ಹೊರಗೆ ಹೋಗಬೇಕಾದ ಆಮ್ಲ ಮತ್ತು ಲವಣವನ್ನು ಕರುಳು ವಾಪಸ್ ರಕ್ತಕ್ಕೆ ಸೇರಿಸುತ್ತದೆ. ಗಟ್ಟಿ ಕಿಡ್ನಿ ಇದ್ದರೆ ಅದನ್ನು ಮತ್ತೆ ಹೊರಗೆ ಹಾಕುತ್ತದೆ. ಸೋತ ಕಿಡ್ನಿಗೆ ಆಗುವುದಿಲ್ಲ. ರಕ್ತ ಆಮ್ಲೀಯ ಆಗ್ತದೆ, ಸುಸ್ತು, ವಾಂತಿ, ದಿನ ಕಳೆದಂತೆ ಎಲುಬು ಸವೆತ. ಹೊರಚೀಲದಲ್ಲಿ ಮೂತ್ರ ನಿಲ್ಲದೆ ಹರಿದು ಹೋಗುವುದರಿಂದ ಈ ತೊಂದರೆ ಕಡಿಮೆ.

ಅಂದರೆ ಕಾಕಾನ ಆಯ್ಕೆ ಮುಚ್ಚಿ ಹೋದದ್ದು ಬೆಂಗಳೂರಿನಲ್ಲಿ ಅಲ್ಲ. ಎಂಟು ತಿಂಗಳು ಗಡ್ಡೆ ನಳಿಕೆಯ ಬಾಯಿ ಒತ್ತಿ ಕಿಡ್ನಿ ಬಾಯಿಸಿದಾಗಲೇ, ಇದೇ ನಾಲವಾರದಾಗ ಮುಚ್ಚಿತ್ತು. ಯಾವ ಆಪರೇಷನ್ ಅನ್ನೋದು ಆಪರೇಷನ್ ಥಿಯೇಟರಿನಲ್ಲಿ ತೀರ್ಮಾನ ಆಗ್ತದೆ ಅಂತ ನಾನು ತಿಳಿದಿದ್ದೆ. ಮೊದಲ ಸಲ ಕೆಂಪು ಕಂಡ ದಿನವೇ ಅರ್ಧ ತೀರ್ಮಾನ ಆಗಿರುತ್ತದೆ.

ಹೊಸ ಕೋಶ ಅಂದ್ರೆ ಮೊದಲಿನಂಗೆ ಅಲ್ಲ

ಹಾಗಂತ ಚೀಲ ಕೆಟ್ಟದ್ದು, ಹೊಸ ಕೋಶವೇ ಮೇಲು ಅನ್ನೋದೂ ಸರಿಯಲ್ಲ. ಎರಡರಲ್ಲಿ ಯಾರ ಬದುಕು ಹೆಚ್ಚು ಸುಖ ಅಂತ ಹೋಲಿಸಿದ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ.

ಹೊಸ ಕೋಶಕ್ಕೆ 'ತುಂಬಿದೆ' ಅನ್ನೋ ಅರಿವು ಮೊದಲಿನಂತೆ ಇರುವುದಿಲ್ಲ. ಗಡಿಯಾರ ನೋಡಿ ಹೋಗಬೇಕು. ಶುರುವಿಗೆ ಎರಡು ಗಂಟೆಗೊಮ್ಮೆ, ಆಮೇಲೆ ಮೂರು–ನಾಲ್ಕು ಗಂಟೆಗೊಮ್ಮೆ. ರಾತ್ರಿಯೂ ಅಲಾರಂ ಇಟ್ಟು ಏಳಬೇಕು. ಹಗಲು ಹಿಡಿತ ಬಂದರೂ ರಾತ್ರಿ ಹಾಸಿಗೆ ಒದ್ದೆಯಾಗುವುದು ತಿಂಗಳುಗಟ್ಟಲೆ ಇರಬಹುದು, ಕೆಲವರಿಗೆ ಪೂರ್ತಿ ಹೋಗುವುದೇ ಇಲ್ಲ. ಕರುಳು ಲೋಳೆ ಬಿಡುತ್ತಲೇ ಇರುತ್ತದೆ. ಅದು ಕಟ್ಟಿಕೊಂಡರೆ ಮೂತ್ರ ನಿಲ್ಲುತ್ತದೆ, ಕಲ್ಲಾಗುತ್ತದೆ. ಪೂರ್ತಿ ಖಾಲಿಯಾಗದಿದ್ದರೆ ಕ್ಯಾಥೆಟರ್ ಹಾಕಿಕೊಳ್ಳಬೇಕು. ಹೆಣ್ಣುಮಕ್ಕಳಲ್ಲಿ ಈ ತೊಂದರೆ ಗಂಡಸರಿಗಿಂತ ಹೆಚ್ಚು. ಕರುಳಿನ ತುಂಡು ಹೋಗಿರುವುದರಿಂದ ವರ್ಷಗಳ ಮೇಲೆ ಬಿ12 ಜೀವಸತ್ವ ಕಡಿಮೆಯಾಗಬಹುದು.

ಕ್ಯಾಥೆಟರ್ ಅಂದರೆ ಹೆದರಬೇಕಿಲ್ಲ. ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ 1972ರಲ್ಲೇ ತೋರಿಸಿದ್ದು ಇಷ್ಟೇ: ಆಪರೇಷನ್ ಥಿಯೇಟರಿನಷ್ಟು ಶುದ್ಧಿ ಬೇಡ, ಕೈ ಸ್ವಚ್ಛ ತೊಳೆದು, ಸ್ವಚ್ಛ ಕ್ಯಾಥೆಟರಿನಲ್ಲಿ, ಹೊತ್ತಿಗೆ ಸರಿಯಾಗಿ ಖಾಲಿ ಮಾಡಿದರೆ ಸಾಕು. ಒಳಚೀಲದ ಆಪರೇಷನ್‌ಗಳು ಹಬ್ಬಿದ್ದರ ಹಿಂದೆ ಈ ಸರಳ ಮಾತಿದೆ.

ಈಗ ಇದನ್ನು ನಮ್ಮ ನೆಲಕ್ಕೆ ತಂದು ನೋಡಿ. ತೊಗರಿ ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಗಳು ನಾಲ್ಕು ಗಂಟೆಗೊಮ್ಮೆ ಎಲ್ಲಿ ಹೋಗಬೇಕು, ಕೈ ತೊಳೆಯಲು ನೀರು ಎಲ್ಲಿಂದ ತರಬೇಕು? ಶಹಾಬಾದಿನ ಫರ್ಸಿ ಕಲ್ಲಿನ ಗಣಿಯಲ್ಲಿ, ವಾಡಿ–ಸೇಡಂ ಸಿಮೆಂಟ್ ಫ್ಯಾಕ್ಟರಿಯ ಗುತ್ತಿಗೆ ಕೆಲಸದಲ್ಲಿ ಪಾಳಿ ಮಧ್ಯೆ ಗಡಿಯಾರ ನೋಡಿ ಹೋಗಲು ಬಿಡುತ್ತಾರಾ? ನಮ್ಮ ಬ್ಯಾಸಗಿಯಲ್ಲಿ ಬೆವರಿ ನೀರು ಕಡಿಮೆಯಾದರೆ ಕಲ್ಲು, ಆಮ್ಲ ಎರಡೂ ಬೇಗ ಕಟ್ಟುತ್ತವೆ. ಅದೇ ಬ್ಯಾಸಗಿಯಲ್ಲಿ ಹೊರಚೀಲದ ಅಂಟು ಬೆವರಿಗೆ ಬಿಡುತ್ತದೆ. ಯಾವ ದಾರಿಗೂ ಊರಲ್ಲಿ ಒಂದು ಆಸರೆ ಬೇಕು.

15 ದಿನದ ಯೋಜನೆ, ಜೀವನಪೂರ್ತಿ ಚೀಲ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗ್ತದೆ. ಮೂತ್ರಕೋಶ ತೆಗೆಯುವ ಆಪರೇಷನ್ ಆಯುಷ್ಮಾನ್ ಪಟ್ಟಿಯಲ್ಲಿದೆ. ಕಾಕಾನ ಆಪರೇಷನ್‌ಗೆ ಮನೆಯವರು ಹೊಲ ಮಾರಬೇಕಾಗಲಿಲ್ಲ. ಇದನ್ನು ಒಪ್ಪಲೇಬೇಕು.

ಆದರೆ ಯೋಜನೆ ನೋಡುವುದು ಆಸ್ಪತ್ರೆಯಲ್ಲಿದ್ದ ದಿನಗಳನ್ನು. ಆಯುಷ್ಮಾನ್ ನಿಯಮದ ಪ್ರಕಾರ ಡಿಸ್ಚಾರ್ಜ್ ಆದ ಮೇಲಿನ ಖರ್ಚು 15 ದಿನದವರೆಗೆ ಮಾತ್ರ. ಹದಿನಾರನೇ ದಿನದಿಂದ ಚೀಲ ಯಾರು ಕೊಡಬೇಕು? 3ರಿಂದ 5 ದಿನಕ್ಕೊಂದು ಬದಲಿಸಿದರೂ ವರ್ಷಕ್ಕೆ 70ರಿಂದ 120 ಚೀಲ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯದ ಪಟ್ಟಿ ಇದೆ. ಸ್ಟೋಮಾ ಅದರಲ್ಲಿ ಪ್ರತ್ಯೇಕವಾಗಿ ಇಲ್ಲ. ಹೀಗಾಗಿ ಆ ಬಾಗಿಲೂ ಮುಚ್ಚಿದೆ.

ಕಾಕಿ ತಿಂಗಳಿಗೊಮ್ಮೆ ಕಲಬುರಗಿಗೆ ಹೋಗಿ ಚೀಲ ತರ್ತಾರೆ. "ಎರಡು ಚೀಲಕ್ಕ ಒಂದಿನದ ಕೂಲಿ ಹೋಗ್ತದಪ್ಪಾ" ಅಂತಾರೆ. ಹಾಗಾಗಿ ಒಂದೊಂದು ಚೀಲವನ್ನು ವಾರಕ್ಕಿಂತ ಹೆಚ್ಚು ಎಳೀತಾರೆ. ಒಮ್ಮೆ ಅಂಟು ಬಿಟ್ಟು, ಸ್ಟೋಮಾ ಸುತ್ತ ಚರ್ಮ ಸುಟ್ಟ ಹಾಗೆ ಕೆಂಪಾಗಿತ್ತು. ತೋರಿಸಲು ಬೆಂಗಳೂರಿಗೆ ಹೋಗಬೇಕಾ, ಇಲ್ಲೇ ತೋರಿಸಬೇಕಾ ಅಂತ ನನ್ನನ್ನು ಕೇಳಿದರು. ಡಿಗ್ರಿ ಬಿಟ್ಟ ಹುಡುಗನ್ನ ಕೇಳಬೇಕಾದ ಪ್ರಶ್ನೆಯಾ ಇದು?

ಕೈರೋ ಅಲ್ಲ, ಮನ್ಸೂರಾ

ಇಂಥ ಕೆಲಸ ಜಿಲ್ಲಾ ಮಟ್ಟದಲ್ಲಿ ಆಗೋದಿಲ್ಲ ಅನ್ನುವವರು ಈಜಿಪ್ಟಿನ ಮನ್ಸೂರಾ ಕಡೆ ನೋಡಬೇಕು. ಅದು ರಾಜಧಾನಿ ಅಲ್ಲ, ನೈಲ್ ನದಿಯ ಮುಖಜ ಭೂಮಿಯ ಊರು, ಸುತ್ತ ರೈತರು. ಕಾಲುವೆ ನೀರಿನಲ್ಲಿದ್ದ ಬಿಲ್ಹಾರ್ಜಿಯಾ ಎಂಬ ಹುಳುವಿನಿಂದ ಅಲ್ಲಿನ ರೈತರಿಗೆ ಮೂತ್ರಕೋಶದ ಕ್ಯಾನ್ಸರ್ ವಿಪರೀತ ಬರುತ್ತಿತ್ತು. ಡಾ. ಮೊಹಮದ್ ಘೊನೀಮ್ ನೇತೃತ್ವದಲ್ಲಿ 1983ರಲ್ಲಿ ಅಲ್ಲೇ ಮೂತ್ರರೋಗ ಮತ್ತು ಕಿಡ್ನಿ ಕೇಂದ್ರ ಶುರುವಾಯಿತು. ಹೊರಚೀಲದ ಖರ್ಚು, ಜನರ ಮುಜುಗರ ಎರಡನ್ನೂ ಲೆಕ್ಕಕ್ಕೆ ಹಿಡಿದು, ಚೀಲವಿಲ್ಲದ ವಿಧಾನಗಳ ಮೇಲೆ ಅಲ್ಲಿನ ವೈದ್ಯರು ದಶಕಗಟ್ಟಲೆ ಕೆಲಸ ಮಾಡಿದರು. 2008ರಲ್ಲಿ ಅವರು 2,720 ಮೂತ್ರಕೋಶ ಆಪರೇಷನ್‌ಗಳ ಫಲಿತಾಂಶ ಪ್ರಕಟಿಸಿದರು. ಇಷ್ಟು ದೊಡ್ಡ ಲೆಕ್ಕ ಒಂದು ಜಿಲ್ಲಾ ಊರಿನಿಂದ ಬಂತು.

ನಮ್ಮಲ್ಲಿ ಅಷ್ಟು ರೋಗಿಗಳಿಲ್ಲ, ಇರದಿರಲಿ. ಮೂತ್ರಕೋಶದ ಆಪರೇಷನ್ ಹೆಚ್ಚು ಮಾಡುವ ಕಡೆಯೇ ಫಲಿತಾಂಶ ಚೆನ್ನಾಗಿರುತ್ತದೆ. ಅದಕ್ಕೇ ಚಿತ್ತಾಪುರದಲ್ಲೇ ಹೊಸ ಕೋಶ ಕಟ್ಟಿಕೊಡಿ ಅಂತ ನಾನು ಕೇಳ್ತಿಲ್ಲ. ಆಪರೇಷನ್ ಬೆಂಗಳೂರಿನ ಕಿದ್ವಾಯಿಯಲ್ಲಾಗಲಿ, ವಿಕ್ಟೋರಿಯಾ ಆವರಣದ ನೆಫ್ರೋ–ಯುರಾಲಜಿ ಸಂಸ್ಥೆಯಲ್ಲಾಗಲಿ. ಸೇಡಂ, ಚಿಂಚೋಳಿಯವರು ತಾಂಡೂರು ದಾರಿ ಹಿಡಿದು ಹೈದರಾಬಾದಿಗೆ ಹೋಗಲಿ. ಮನ್ಸೂರಾದಿಂದ ಕಲಿಯಬೇಕಾದದ್ದು ರೋಗಿಯ ಬದುಕನ್ನು ಲೆಕ್ಕಕ್ಕೆ ಹಿಡಿಯುವುದನ್ನು. ಆಪರೇಷನ್ ಎಲ್ಲೇ ಆಗಲಿ, ನಂತರದ ಆರೈಕೆ ಊರ ಹತ್ತಿರ ಸಿಗಬೇಕು.

ಏನು ಆಗಬೇಕು

ಬೇಕಾದದ್ದು ದೊಡ್ಡದೇನಲ್ಲ. ಚಿತ್ತಾಪುರ, ಸೇಡಂ, ಚಿಂಚೋಳಿ, ಶಹಾಬಾದ್ ಸರಕಾರಿ ದವಾಖಾನಿಗಳಲ್ಲಿ ಸ್ಟೋಮಾ ಆರೈಕೆ ಕಲಿತ ಒಬ್ಬೊಬ್ಬ ನರ್ಸ್. ಒಂದು ಕಪಾಟಿನಷ್ಟು ಚೀಲ, ಕ್ಯಾಥೆಟರ್. ಕ್ರಿಯಾಟಿನಿನ್, ಲವಣಾಂಶ, ಬಿ12 ಪರೀಕ್ಷೆಗೆ ವ್ಯವಸ್ಥೆ. ಬೆಂಗಳೂರಿನ ವೈದ್ಯರ ಜೊತೆ ಫೋನಿನಲ್ಲಿ ಮಾತಾಡುವ ದಾರಿ. ಒಂದು ಕಾಲಕ್ಕೆ ಡಯಾಲಿಸಿಸ್‌ಗೂ ದೊಡ್ಡ ಊರಿಗೇ ಹೋಗಬೇಕಿತ್ತು, ಈಗ ತಾಲೂಕು ಆಸ್ಪತ್ರೆಗಳಿಗೆ ಬಂದಿದೆ. ಅದರ ಮುಂದೆ ಇದು ಬಹಳ ಕಡಿಮೆ ಖರ್ಚಿನ ಕೆಲಸ.

ಇಲ್ಲಿನ ಡಾಕ್ಟರುಗಳಿಗೂ ಮಾಹಿತಿ ಬೇಕು. ಕರುಳಿನ ಕೋಶ ಇದ್ದವರ ಮೂತ್ರ ಪರೀಕ್ಷೆಯಲ್ಲಿ ಲೋಳೆ, ಬ್ಯಾಕ್ಟೀರಿಯಾ ಕಾಣುವುದು ಸಾಮಾನ್ಯ. ಜ್ವರ, ನೋವು ಇಲ್ಲದಿದ್ದರೆ ಅದಕ್ಕೆಲ್ಲ ಆಂಟಿಬಯೋಟಿಕ್ ಬೇಕಿಲ್ಲ. ಆದರೆ ಕೋಶ ತುಂಬಿ ಮೂತ್ರ ಬರದೆ ಹೊಟ್ಟೆ ನೋವಾದರೆ ಅದು ತುರ್ತು. ಒಡೆದರೆ ಜೀವಕ್ಕೆ ಅಪಾಯ. ಇಂಥ ಆಪರೇಷನ್ ಆದವರು ಡಿಸ್ಚಾರ್ಜ್ ಚೀಟಿಯ ಫೋಟೋ ಮೊಬೈಲಿನಲ್ಲಿ ಸದಾ ಇಟ್ಟುಕೊಳ್ಳಿ.

ಆಪರೇಷನ್‌ಗೆ ಮೊದಲು ಕೇಳಬೇಕಾದ ಪ್ರಶ್ನೆಗಳನ್ನೂ ಬರೆದಿಟ್ಟುಕೊಳ್ಳಿ: ನನಗೆ ಮೂರರಲ್ಲಿ ಯಾವುದು ಆಗ್ತದೆ, ಯಾವುದು ಆಗಲ್ಲ, ಯಾಕೆ? ನನ್ನ ಕೆಲಸ ಇಂಥದ್ದು, ನಮ್ಮ ಮನೆಯಲ್ಲಿ ನೀರು–ಪಾಯಖಾನೆ ಹೀಗಿದೆ, ಇದಕ್ಕೆ ಯಾವುದು ಹೊಂದುತ್ತದೆ? ಮನೆಯವರು ಕಲಿಯಲು ಎಷ್ಟು ದಿನ ಬೇಕು? ಕೇಳಿದರೆ ಡಾಕ್ಟರು ಸಿಟ್ಟಾಗ್ತಾರೆ ಅಂತ ಸುಮ್ಮನಿರಬೇಡಿ.

ಮತ್ತು ಎಲ್ಲಕ್ಕಿಂತ ಮೊದಲು: ಸರಕಾರದ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕೋಶದ ಕಂಠಕ್ಕೆ ನಡೆಯುತ್ತದೆ. ಮೂತ್ರಕೋಶಕ್ಕೆ ಅಂಥ ತಪಾಸಣೆ ಇಲ್ಲ. ನಮ್ಮ ಕಣ್ಣೇ ತಪಾಸಣೆ. ಮೂತ್ರ ಒಂದೇ ಸಲ ಕೆಂಪಾದರೂ, ನೋವಿಲ್ಲದಿದ್ದರೂ, ತಾನೇ ನಿಂತರೂ ಹೋಗಿ ಸ್ಕ್ಯಾನ್ ಮಾಡಿಸಿ. ಮಜ್ಜಿಗಿ ಆಮೇಲೆ ಕುಡಿಯಬಹುದು.

ಕಾಕಾ ಈಗ ಬೀಡಿ ಬಿಟ್ಟಿದ್ದಾರೆ. ಧೋತರದ ಒಳಗೆ ಚೀಲ ಕಾಣುವುದಿಲ್ಲ. ಈ ಸಲ ಕೋರಿಸಿದ್ಧೇಶ್ವರ ಜಾತ್ರೆಗೆ ಮಠದ ಹತ್ತಿರ ಸ್ವಲ್ಪ ದೂರದಲ್ಲಿ ನಿಂತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. "ಯಾರಿಗೂ ಗೊತ್ತಾಗಲಿಲ್ಲ ನೋಡು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಚೀಲ ಇನ್ನೆರಡೇ ಉಳದಾವ" ಅಂದರು.

ಆ ಎರಡು ಚೀಲ ಮುಗಿಯುವ ಮೊದಲು ಮೂರನೆಯದು ಚಿತ್ತಾಪುರದಲ್ಲೇ ಸಿಗುವಂತೆ ಸಂಬಂಧಪಟ್ಟವರು ಇತ್ತ ಗಮನ ಹರಿಸಬೇಕು.